ಓಐಎಂ ಇಲಿಯ ಹಿಂಗಾಲಿನ ಸ್ನಾಯುರಜ್ಜು: ವಿಜಯಪುರದಲ್ಲಿ ನಾನು ಮಾಡಿದ ರೀತಿ

ನಮ್ಮ ವಿಜಯಪುರದ ಲ್ಯಾಬಿನಲ್ಲಿ ಓಐಎಂ ಇಲಿ, ಅಂದರೆ ಜೀನಿನ ದೋಷದಿಂದ ಎಲುಬು ಸುಲಭವಾಗಿ ಮುರಿಯುವ ಇಲಿ, ಸಾಕುವ ಅನುಕೂಲ ಇಲ್ಲ. ಬೇರೆ ಊರಿನ ತಂಡದವರು ಎಥಿಕ್ಸ್ ಕಮಿಟಿಯ ಅನುಮತಿ ಪಡೆದು ಸಾಕಿದ ಇಲಿಗಳ ಹಿಂಗಾಲನ್ನು ಕೊಳೆಯದಂತೆ ಫಾರ್ಮಾಲಿನ್‌ನಲ್ಲಿ ಹಾಕಿ ಕಳಿಸುತ್ತಿದ್ದರು. ಕೊಯ್ದು, ಬಣ್ಣ ಹಾಕಿ ನೋಡುವುದು ನನ್ನ ಪಾಲು.

ಕೊಲಾಜನ್ ಎಂದರೆ ಎಲುಬು, ರಜ್ಜುಗಳಿಗೆ ಬಲ ಕೊಡುವ ನಾರಿನಂಥ ಪ್ರೋಟೀನ್. ಅದರ ಒಂದನೇ ಬಗೆಯ ಅಣುವಿನಲ್ಲಿ ಮೂರು ಎಳೆ ಹೆಣೆದುಕೊಂಡಿರುತ್ತವೆ: ಎರಡು ಆಲ್ಫಾ-1, ಒಂದು ಆಲ್ಫಾ-2. ಈ ಇಲಿಯ ಕೋಲ್1ಎ2 ಜೀನಿನಲ್ಲಿ ಒಂದೇ ಒಂದು ಗ್ವಾನಿನ್ (ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದು) ಬಿಟ್ಟುಹೋಗಿದೆ. ಅಷ್ಟಕ್ಕೇ ಆಲ್ಫಾ-2 ಹೆಣಿಗೆಗೆ ಸೇರುವುದಿಲ್ಲ, ಮೂರೂ ಆಲ್ಫಾ-1 ಎಳೆಗಳಾಗುತ್ತವೆ. 1993ರಲ್ಲಿ ವರದಿಯಾದ ಈ ಇಲಿಯನ್ನು ಹೆಚ್ಚಿನವರು ಮುರುಕು ಎಲುಬಿಗಾಗಿಯೇ ನೋಡುತ್ತಾರೆ. ಆದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಬಹುಪಾಲು ಇದೇ ಕೊಲಾಜನ್.

ನಾನು ಹಾಕಿದ ಷರತ್ತು ಒಂದೇ. ಪಾದವನ್ನು ಕಣಕಾಲಿಗೆ 90 ಡಿಗ್ರಿಯಲ್ಲಿ ಪ್ಲಾಸ್ಟಿಕ್ ಪಟ್ಟಿಗೆ ದಾರದಿಂದ ಕಟ್ಟಿ, ಆಮೇಲೆ ಫಾರ್ಮಾಲಿನ್‌ಗೆ ಹಾಕಬೇಕು. ಸಡಿಲವಾಗಿದ್ದಾಗ ರಜ್ಜುವಿನ ನಾರು ಅಲೆಅಲೆಯಾಗಿರುತ್ತದೆ, ಎಳೆದರೆ ಅಲೆ ಮಾಯ. ಒಂದು ಕಾಲು ಬಿಗಿದು, ಇನ್ನೊಂದು ಜೋತುಬಿದ್ದು ಫಾರ್ಮಾಲಿನ್‌ನಲ್ಲಿ ಹಾಗೆಯೇ ಫಿಕ್ಸ್ ಆದರೆ (ಗಟ್ಟಿಯಾಗಿ ನಿಂತರೆ) ಆ ಅಲೆಯ ವ್ಯತ್ಯಾಸವನ್ನು ಜೀನಿನ ತಲೆಗೆ ಕಟ್ಟುತ್ತೇವೆ. ಕಟ್ಟದೆ ಬಂದ ಕಾಲುಗಳನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಅವರಿಗೆ ಸಿಟ್ಟು ಬಂದಿರಬೇಕು, ಬರಲಿ.

ಹಿಮ್ಮಡಿ ಎಲುಬನ್ನು ಸುಣ್ಣದಂಶ ತೆಗೆಯುವ ಇಡಿಟಿಎಯಲ್ಲಿ ಮೆತ್ತಗೆ ಮಾಡಿ, ಮೇಣದ ಬ್ಲಾಕಿನಲ್ಲಿ ಕೂರಿಸಿ, ಎಲುಬಿನಿಂದ ಸ್ನಾಯುವಿನವರೆಗೆ ಉದ್ದಕ್ಕೆ 5 ಮೈಕ್ರಾನ್ ದಪ್ಪ ಕೊಯ್ದೆ. ವಿಜಯಪುರದ ಬೇಸಿಗೆಯಲ್ಲಿ ಮೇಣ ಮೆತ್ತಗಾಗಿ ಬ್ಲೇಡಿಗೆ ಅಂಟುತ್ತದೆ. ಒಣಗಿದ ರಜ್ಜುವೋ ಬಿರುಸು, ಎಳೆಎಳೆಯಾಗಿ ಸೀಳುತ್ತದೆ. ಬ್ಲಾಕಿನ ಮುಖವನ್ನು ಐಸ್ ನೀರಿನಲ್ಲಿ ಬೋರಲು ಹಾಕಿಟ್ಟರೆ ಎರಡಕ್ಕೂ ಪರಿಹಾರ. "ಐಸ್ ಕರಗಾಕತ್ತೈತ್ರಿ ಮೇಡಂ, ಲಗೂ ಕೊಯ್ರಿ" ಎಂದು ನಮ್ಮ ಅಟೆಂಡರ್ ಕಾಕಾ ಬೆನ್ನಿಗೆ ನಿಂತಿರುತ್ತಿದ್ದರು. ಓರೆಯಾಗಿ ಕೊಯ್ದ ತುಂಡಿನಲ್ಲಿ ನಾರು ಕತ್ತರಿಸಿದಂತೆ ಕಾಣುತ್ತದೆ, ಅಂಥದ್ದು ಬೇಡವೇ ಬೇಡ.

ಕೊಲಾಜನ್‌ಗೆ ಹಿಡಿಯುವ ಕೆಂಪು ಬಣ್ಣವಾದ ಪಿಕ್ರೊಸಿರಿಯಸ್ ರೆಡ್‌ನಲ್ಲಿ ಒಂದು ತಾಸು, ಆಮೇಲೆ ಅಸಿಟಿಕ್ ಆಮ್ಲ ಬೆರೆಸಿದ ನೀರಿನ ತೊಳೆತ. ಧ್ರುವೀಕೃತ ಬೆಳಕಿನಲ್ಲಿ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು) ಮೈಕ್ರೋಸ್ಕೋಪಿನ ಸ್ಲೈಡ್ ಇಡುವ ಸ್ಟೇಜ್ ತಿರುಗಿಸಿದರೆ ನಾರು ಪ್ರತಿ 90 ಡಿಗ್ರಿಗೆ ಕಪ್ಪಾಗಿ ಮತ್ತೆ ಹೊಳೆಯುತ್ತದೆ. ಕೆಂಪು ಕಂಡರೆ ಒಂದನೇ ಬಗೆ, ಹಸಿರು ಕಂಡರೆ ಮೂರನೇ ಬಗೆ ಎನ್ನುವ ಲೆಕ್ಕ ಇನ್ನೂ ಓಡಾಡುತ್ತಿದೆ. ನನಗೆ ಅದು ಒಪ್ಪಿಗೆಯಿಲ್ಲ. ಬಣ್ಣ ಬದಲಾಗುವುದು ನಾರಿನ ದಪ್ಪ, ಒತ್ತೊತ್ತಾದ ಜೋಡಣೆ, ಕೊಯ್ತದ ದಪ್ಪದಿಂದ. ಹಾಗಾಗಿ ಬಣ್ಣ ಎಣಿಸದೆ ಅಲೆಯ ಉದ್ದವನ್ನಷ್ಟೇ ಅಳೆದೆ, ಯಾವ ಸ್ಲೈಡ್ ಯಾವ ಇಲಿಯದ್ದು ಎಂಬ ಚೀಟಿ ತೆರೆಯದೆ.

ಚೀಟಿ ತೆರೆದಾಗ ಓಐಎಂ ಇಲಿಗೂ ಮಾಮೂಲಿ ಇಲಿಗೂ ಕಣ್ಣಿಗೆ ಹೊಡೆಯುವಂಥ ವ್ಯತ್ಯಾಸ ಇರಲಿಲ್ಲ. ಕಳಿಸಿದವರಿಗೆ ನಿರಾಸೆಯಾಯಿತು, ನನಗಾಗಲಿಲ್ಲ. ಕೊಲಾಜನ್ ಅಣುವಿನ ಅಗಲ ಸುಮಾರು 1.5 ನ್ಯಾನೊಮೀಟರ್, ನಮ್ಮ ಮೈಕ್ರೋಸ್ಕೋಪ್ ಬಿಡಿಸಿ ತೋರಿಸುವುದು ಸುಮಾರು 200ರವರೆಗೆ. ಈ ಇಲಿಯ ಬಾಲದ ರಜ್ಜುವಿನಲ್ಲಿ ಅಣುಗಳ ಪಕ್ಕಪಕ್ಕದ ಜೋಡಣೆ ಕೆಟ್ಟಿರುವುದನ್ನು ಎಕ್ಸ್-ರೇ ವಿವರ್ತನೆ (ಎಕ್ಸ್-ರೇ ಚದುರುವ ರೀತಿಯಿಂದ ಅಣುಗಳ ಜೋಡಣೆ ತಿಳಿಯುವ ವಿಧಾನ) ಮೊದಲೇ ತೋರಿಸಿದೆ, ಎಳೆದರೆ ಅದು ಬೇಗ ಹರಿಯುವುದೂ ಗೊತ್ತಿದೆ. ಮುಂದಿನ ಸಲ ಬಾಲವನ್ನೂ ಕಳಿಸಿ, ಜೀನ್ ಪರೀಕ್ಷೆಗೆ ಬಾಲದ ತುದಿ ಕತ್ತರಿಸದೆ ಕಿವಿಯ ಚೂರು ತೆಗೆಯಿರಿ ಎಂದು ಬರೆದೆ.