'ರ' ಇದ್ದರೆ ಉಪ್ಪರಿಗೆ: ನರ್ಸಿಂಗ್ ಮಕ್ಕಳಿಗೆ ಪದ ಒಡೆಯಲು ಕಲಿಸಿದ ನನ್ನ ಅನುಭವ

ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಮೊದಲ ವರ್ಷದವರಿಗೆ ಟ್ಯೂಷನ್ ಹೇಳುವವರಿಗೆಲ್ಲ ಈ ಕಥೆ ಗೊತ್ತು. ಪಿಯುಸಿವರೆಗೆ ಕನ್ನಡದಲ್ಲೇ ಓದಿ ಬಂದ ಮಕ್ಕಳು ಅನಾಟಮಿ ಪುಸ್ತಕ ತೆರೆದ ದಿನವೇ ಅರ್ಧ ಸೋತಿರುತ್ತಾರೆ. ಒಂದೊಂದು ಪುಟದಲ್ಲೂ ಹತ್ತಿಪ್ಪತ್ತು ಗೊತ್ತಿಲ್ಲದ ಪದ. ಡಿಕ್ಷನರಿ ನೋಡುತ್ತಾ ಕೂತರೆ ಪಾಠ ಮುಂದೆ ಹೋಗುವುದಿಲ್ಲ.

ನಾನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ರೂಮು ಬಾಡಿಗೆ ಹಿಡಿದು ಸಂಜೆ ಕ್ಲಾಸ್ ಮಾಡುತ್ತೇನೆ. ಅದಕ್ಕೂ ಮುಂಚೆ ಹತ್ತು ಹನ್ನೆರಡು ವರ್ಷ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಪದದ ತಲೆ ನೋಡಿ ಅರ್ಥ ಊಹಿಸುವುದನ್ನು ನಮ್ಮ ಉಪಸರ್ಗಗಳ ಮೂಲಕವೇ ಕಲಿಸುತ್ತೇನೆ ಅಂದಾಗ ಇನ್ನೊಬ್ಬ ಟ್ಯೂಷನ್ ಮೇಷ್ಟ್ರು ನಕ್ಕುಬಿಟ್ಟರು. "ಮೇಡಂ, ಇಂಗ್ಲಿಷ್ ಪದಕ್ಕ ಕನ್ನಡ ವ್ಯಾಕರಣ ಹಚ್ಚಿದ್ರ ಹುಡುಗ್ರು ಎರಡೂ ಬಿಟ್ಟು ಹೋಗ್ತಾರ." ಹೋದ ಬ್ಯಾಚಿನ ರಿಸಲ್ಟ್ ಬಂದ ಮೇಲೆ ಅದೇ ಮೇಷ್ಟ್ರು ನನ್ನ ಹಾಳೆಗಳ ಜೆರಾಕ್ಸ್ ಕೇಳಿಕೊಂಡು ಬಂದರು. ಕೊಟ್ಟೆ. ಎಲ್ಲಾ ಕೊಡಲಿಲ್ಲ.

ಮೊದಮೊದಲು ನಾನೂ ಎಲ್ಲರ ಹಾಗೆ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದೆ. ನೂರಕ್ಕೂ ಜಾಸ್ತಿ ಪ್ರಿಫಿಕ್ಸ್. ಸೋಮವಾರ ಗಡಗಡ ಒಪ್ಪಿಸುತ್ತಿದ್ದರು, ಗುರುವಾರ ಬಂದರೆ ಹೈಪೋ ಯಾವುದು ಹೈಪರ್ ಯಾವುದು ಅಂತ ಜಗಳ. ಆಮೇಲೆ ಬಣ್ಣದ ಕಾರ್ಡು ಮಾಡಿಸಿದೆ. ಪ್ರಿಂಟು, ಲ್ಯಾಮಿನೇಷನ್, ಕಟಿಂಗ್ ಎಲ್ಲ ಸೇರಿ ಐದೂವರೆ ಆರು ಸಾವಿರ ಹೋಯಿತು. ತಿಂಗಳಿಗೆ ತಲೆಗೆ ಆರುನೂರು ಫೀ, ಅದರಲ್ಲೂ ಅರ್ಧ ಜನ "ಮುಂದಿನ ತಿಂಗಳು ಕೊಡ್ತೀನಿ ಮೇಡಂ" ಅನ್ನುವ ಕಡೆ ಇದು ಸಣ್ಣ ದುಡ್ಡಲ್ಲ. ಮಕ್ಕಳು ನೆನಪಿಟ್ಟುಕೊಂಡಿದ್ದು ಬಣ್ಣವನ್ನು. "ಅದು ಕೆಂಪು ಕಾರ್ಡಿಂದು" ಅನ್ನುವರು, ಪರೀಕ್ಷೆ ಪೇಪರ್ ಕಪ್ಪು ಬಿಳುಪು ಅಲ್ವಾ? ಒಂದು ಆ್ಯಪ್‌ಗೂ ವರ್ಷದ ಚಂದಾ ಅಂತ ಸಾವಿರದ ಚಿಲ್ಲರೆ ಕಟ್ಟಿದೆ. ಅದರೊಳಗಿನ ಉಚ್ಚಾರ ನಮ್ಮ ಹುಡುಗಿಯರ ಕಿವಿಗೆ ಹತ್ತಲೇ ಇಲ್ಲ.

ದಾರಿ ಸಿಕ್ಕಿದ್ದು ಡಿಸ್‌ನಿಂದ. ಗ್ರೀಕಿನ ಡಿಸ್, ಸಂಸ್ಕೃತದಿಂದ ನಮಗೆ ಬಂದ ದುಸ್, ದುರ್ ಎಲ್ಲ ಒಂದೇ ಬೇರಿನವು. ದುರ್ಗಂಧ, ದುರ್ಬಲ, ದುಸ್ಥಿತಿ ಗೊತ್ತಿರುವ ಹುಡುಗಿಗೆ ಇದನ್ನು ಒಂದು ಸಲ ಹೇಳಿದರೆ ಸಾಕು. ಡಿಸ್‌ಪ್ನಿಯಾ ಅಂದರೆ ಉಸಿರಾಡಲು ಕಷ್ಟ, ಡಿಸ್‌ಯೂರಿಯಾ ಅಂದರೆ ಉರಿಮೂತ್ರ, ಡಿಸ್‌ಮೆನೊರಿಯಾ ಅಂದರೆ ಮುಟ್ಟಿನ ನೋವು. ಡಿಸ್‌ಇನ್‌ಫೆಕ್ಟೆಂಟ್‌ನ ಡಿಸ್ ಬೇರೆ, ಅದು ಲ್ಯಾಟಿನ್‌ನದು, ಸ್ಪೆಲಿಂಗಿನಲ್ಲಿ ವೈ ಇರುವುದಿಲ್ಲ, ಅಷ್ಟು ಹೇಳಿ ಮುಂದೆ ಹೋಗಿ. ಪೆರಿ ನಮ್ಮ ಪರಿಯ ಸಂಬಂಧಿ: ಪರಿಸರ, ಪರಿಕ್ರಮ, ಹಾಗೇ ಪೆರಿಕಾರ್ಡಿಯಂ, ಹೃದಯದ ಸುತ್ತಲಿನ ಪೊರೆ. ಅನ್ ಅಂತೂ ಇದ್ದ ಹಾಗೇ ಇದೆ, ಅನಿಷ್ಟದಲ್ಲಿರುವುದೇ ಅನೀಮಿಯಾದಲ್ಲೂ ಇರುವುದು.

ಹೈಪರ್, ಹೈಪೋ ತಪ್ಪಿದರೆ ವಾರ್ಡಿನಲ್ಲಿ ಜೀವಕ್ಕೇ ಕುತ್ತು. ಇವು ಉಪರಿ, ಉಪ ಇವುಗಳ ದಾಯಾದಿಗಳು. ಉಪರಿ ಅಂದರೆ ಮಕ್ಕಳು ಪಿಳಿಪಿಳಿ ನೋಡುತ್ತಾರೆ, ಉಪ್ಪರಿಗೆ ಅಂದರೆ ಗೊತ್ತು. ಉಪ ಅಂದರೆ ಉಪಮುಖ್ಯಮಂತ್ರಿ, ಮುಖ್ಯಮಂತ್ರಿಗಿಂತ ಒಂದು ಮೆಟ್ಟಿಲು ಕೆಳಗೆ. ಬೋರ್ಡಿನ ಮೇಲೆ "ರ ಇದ್ದರೆ ಉಪ್ಪರಿಗೆ" ಅಂತ ಬರೆದೆ, ಅಲ್ಲಿಗೆ ಜಗಳ ಮುಗೀತು. ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಏನಂತಾರೆ ಅಂತ ಕೇಳಿ, "ರ ಇಲ್ಲ ಮೇಡಂ, ಹೈಪೋಗ್ಲೈಸೀಮಿಯಾ" ಅಂತ ಹಿಂದಿನ ಬೆಂಚಿನಿಂದ ಉತ್ತರ ಬರುತ್ತದೆ.

ತಲೆಯ ಜೊತೆಗೇ ಅಂಕಿಯನ್ನೂ ಕಟ್ಟಿಬಿಡಿ, ಎರಡು ಕೆಲಸ ಒಟ್ಟಿಗೆ ಆಗುತ್ತದೆ. ಪಾಲಿಯೂರಿಯಾ ದಿನಕ್ಕೆ 3 ಲೀಟರ್‌ಗಿಂತ ಜಾಸ್ತಿ, ಆಲಿಗ್ಯೂರಿಯಾ 400 ಎಂಎಲ್‌ಗಿಂತ ಕಡಿಮೆ, ಅನ್ಯೂರಿಯಾ 100ಕ್ಕಿಂತಲೂ ಕಡಿಮೆ. ಯೂರಿಯಾ ಅಂದರೆ ಗೊಬ್ಬರ ಅಂತ ರೈತರ ಮನೆಯ ಹುಡುಗರು ನಗುತ್ತಾರೆ. ನಗಲಿ, ಮೂತ್ರಕ್ಕೂ ಅದಕ್ಕೂ ನಂಟು ಇದ್ದೇ ಇದೆ. ನಿಧಾನದ ಬ್ರಾಡಿ, ವೇಗದ ಟ್ಯಾಕಿಗೆ ಕನ್ನಡದಲ್ಲಿ ಕೊಂಡಿ ಸಿಗಲಿಲ್ಲ. ನಾಡಿ 60ರ ಕೆಳಗೆ, 100ರ ಮೇಲೆ ಅಂತ ಸುಮ್ನೆ ಬಾಯಿಪಾಠವೇ.

ಈಗ ಕೈ ಕೊಟ್ಟ ಕಡೆಗಳು. ಆಂಟಿನೇಟಲ್, ಆಂಟಿಬಯಾಟಿಕ್ ಎರಡನ್ನೂ ಮಕ್ಕಳು ಕನ್ನಡ ಅಕ್ಷರದಲ್ಲಿ ಒಂದೇ ಥರ ಬರೆದುಕೊಳ್ಳುತ್ತಾರೆ. ಒಬ್ಬಳು ಆಂಟಿನೇಟಲ್ ಅಂದರೆ ಹೆರಿಗೆ ತಡೆಯುವುದು ಅಂತ ಬರೆದಳು. ಈಗ ಬಾಲ ನೋಡಿ ಅನ್ನುತ್ತೇನೆ: ಹಿಂದೆ ಹೆರಿಗೆಯ ಮಾತಿದ್ದರೆ, ಅಂದರೆ ನೇಟಲ್, ಪಾರ್ಟಂ ಇದ್ದರೆ, ಅದು 'ಮುಂಚೆ', ಉಳಿದ ಕಡೆ ಹೆಚ್ಚಾಗಿ 'ವಿರುದ್ಧ'. ಇಂಟರ್‌ಗೆ ಅಂತರ್ಜಲದ ಅಂತರ್ ಹೊಂದಿಸಲು ಹೋದರೆ ಎಲ್ಲರೂ 'ಒಳಗೆ' ಅಂತ ಬರೆಯುತ್ತಾರೆ. ಅದರ ಬದಲು ಎರಡು ಕಂಬದ ನಡುವಿನ ಅಂತರ ಅಂದೆ, ಇಂಟರ್‌ಕಾಸ್ಟಲ್ ಪಕ್ಕೆಲುಬುಗಳ ನಡುವಿನದು ಅಂತ ಕೂತಿತು. ಇಂಟ್ರಾಗೆ ಇಂಜೆಕ್ಷನ್ನೇ ಸಾಕು, ಸೂಜಿ ಒಳಗೇ ಹೋಗುವುದು. ಅ ಕಂಡಲ್ಲೆಲ್ಲ 'ಇಲ್ಲ' ಅನ್ನುವ ಚಟವೂ ಹತ್ತುತ್ತದೆ. ಆಸ್ತಮಾದಲ್ಲಿ ಆ 'ಅ' ಇಲ್ಲ, ಅನಾಟಮಿಯಲ್ಲಿ ಆ 'ಅನ್' ಇಲ್ಲ. ಅದಕ್ಕೇ ನನ್ನ ಕಾನೂನು ಒಂದೇ: ತಲೆ ಕಡಿದ ಮೇಲೆ ಉಳಿದದ್ದಕ್ಕೆ ಅರ್ಥ ಇರಬೇಕು, ಇಲ್ಲದಿದ್ದರೆ ಕಡಿಯಬಾರದು.

ಸುಮ್ನೆ ಇರಲಾರದೆ ಇದನ್ನೇ ಪಕ್ಕದ ಮನೆಯ ಎಂಟನೇ ಕ್ಲಾಸಿನ ಮಕ್ಕಳ ಮೇಲೆ, ಅಚ್ಚಗನ್ನಡದ ಪದಗಳಲ್ಲಿ ಪ್ರಯೋಗ ಮಾಡಿದೆ. ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲು, ಹೆಬ್ಬೆರಳು ಕೊಟ್ಟು 'ಹೆ' ಅಂದರೆ ಏನು ಅಂದರೆ ದೊಡ್ಡದು ಅಂತ ತಟ್ಟನೆ ಹೇಳಿದರು. ಮರುದಿನ ಒಬ್ಬ ಹೆಗಲನ್ನೂ ಕಡಿದು ತಂದಿದ್ದ, ದೊಡ್ಡ ಗಲು ಅಂತೆ. ಕಾನೂನು ಅಲ್ಲಿಯೂ ಅದೇ. ನರ್ಸಿಂಗ್ ಕ್ಲಾಸಿಗೆ ಇದರಿಂದ ಸಿಕ್ಕಿದ್ದು 'ಅರೆ'. ಹೆಮಿಪ್ಲೀಜಿಯಾಗೆ ಅರೆ, ಅಂದರೆ ಅರ್ಧ ಮೈಯ ಪಾರ್ಶ್ವವಾಯು. ಮೈಗ್ರೇನ್ ಕೂಡ ಮೂಲದಲ್ಲಿ ಹೆಮಿಕ್ರೇನಿಯಾ, ಅರ್ಧ ತಲೆಬುರುಡೆ. ನಮ್ಮ ಅಜ್ಜಿಯರ ಅರೆತಲೆನೋವು ಅದೇ.

ಔಷಧದ ಹೆಸರಿಗೆ ಈ ವಿದ್ಯೆ ನಡೆಯುವುದಿಲ್ಲ, ಡಿ ಫಾರ್ಮ ಹುಡುಗರ ಮೇಲೆ ನೋಡಿದ್ದೇನೆ. ಅಲ್ಲಿ ಯಾವ ಗುಂಪಿನ ಔಷಧ ಅನ್ನುವ ಸುಳಿವು ಹೆಚ್ಚಾಗಿ ಬಾಲದಲ್ಲಿ: ಅಟೆನೊಲೋಲ್, ಮೆಟೊಪ್ರೊಲೋಲ್‌ನ 'ಓಲೋಲ್' ಥರ. ಸೆಫಿಕ್ಸೀಮ್, ಸೆಫ್ಟ್ರಿಯಾಕ್ಸೋನ್‌ನ 'ಸೆಫ್' ಮಾತ್ರ ತಲೆಯಲ್ಲೇ ಸಿಗುತ್ತದೆ.

ಮೇಷ್ಟ್ರಿಗೆ ತೋರಿಸಲೆಂದೇ ಒಂದು ಸಂಜೆ ಯಾರೂ ಕೇಳದ ಪದ ಬರೆದೆ: ಡಿಸ್‌ಡಯಾಡೋಕೋಕೈನೀಸಿಯಾ. ಒಬ್ಬ ಹುಡುಗಿ ಮೊದಲು ಡಿಸ್ ಕಡಿದಳು, ಕಷ್ಟ. ಬಾಲದ ಕೈನೀಸಿಯಾ ಪಾರ್ಕಿನ್‌ಸನ್ ಪಾಠದ ಬ್ರಾಡಿಕೈನೀಸಿಯಾದಿಂದ ಗೊತ್ತಿತ್ತು, ಚಲನೆ. ನಡುವಿನದು ಗೊತ್ತಿಲ್ಲ ಮೇಡಂ, ಏನೋ ಒಂದು ಥರದ ಚಲನೆ ಕಷ್ಟ, ಕೈದು ಇರಬೇಕು ಅಂದಳು. 'ಕೈ' ಅಂತ ಯಾಕೆ ಅಂದಳೋ ನಿಮಗೆ ಗೊತ್ತಾಯಿತಲ್ಲ! ತೊಡೆಯ ಮೇಲೆ ಅಂಗೈ ಮುಂಗೈ ಬೇಗ ಬೇಗ ತಿರುಗಿಸಿ ತಟ್ಟಲು ಹೇಳಿಯೇ ಅದನ್ನು ಪರೀಕ್ಷೆ ಮಾಡುವುದು. ಮೇಷ್ಟ್ರು ಏನೂ ಅನ್ನಲಿಲ್ಲ.

ಯಾವ ತಲೆಯ ನಂತರ ಯಾವುದು ಅನ್ನುವ ನನ್ನ ಕ್ರಮ, ಕೊನೆಯ ವಾರದ ಪ್ರಶ್ನೆಹಾಳೆ ಎರಡನ್ನೂ ಇಲ್ಲಿ ಹಾಕುವುದಿಲ್ಲ, ಹೊಟ್ಟೆಪಾಡು. ಶುರು ಮಾಡುವುದಾದರೆ ಡಿಸ್‌ನಿಂದ ಮಾಡಿ, ಹೈಪರ್‌ನಿಂದ ಬೇಡ. ವಾರಕ್ಕೆ ಐದಾರು ತಲೆ ಸಾಕು. ಲ್ಯಾಮಿನೇಷನ್‌ಗೆ ದುಡ್ಡು ಹಾಕಬೇಡಿ, ಎರಡೂ ಬದಿ ಜೆರಾಕ್ಸ್ ಮಾಡಿಸಿದರೆ ಇಡೀ ಬ್ಯಾಚಿಗೆ ಇನ್ನೂರು ರೂಪಾಯಿ ದಾಟುವುದಿಲ್ಲ.