ಬದಿಯಡ್ಕದ ಪಾದೆಯಲ್ಲಿ ಸಿಂಟಿಲೇಷನ್ ಹಿಡಿದದ್ದು

ಸಾವಿರದೈನೂರು ರೂಪಾಯಿಯ ಜಿಪಿಎಸ್ ಮಾಡ್ಯೂಲಿನಲ್ಲಿ ಸಿಂಟಿಲೇಷನ್ (ಮೇಲಿನ ವಿದ್ಯುದಾವೇಶದ ಗಾಳಿಪದರವಾದ ಅಯನೋಸ್ಫಿಯರ್ ದಾಟುವಾಗ ಉಪಗ್ರಹದ ಸಂಕೇತ ನಕ್ಷತ್ರದಂತೆ ಮಿನುಗುವುದು) ಸಿಗುತ್ತದೆ ಎಂದಾಗ ಹ್ಯಾಮ್ ರೇಡಿಯೋ ಗೆಳೆಯರು ಯಾರೂ ಒಪ್ಪಲಿಲ್ಲ. "ಅದು ಅಡಿಕೆ ಸೋಗೆ ಅಲ್ಲಾಡುವುದು ಮಾರಾಯ್ರೇ" ಎಂದರು.

ಮೊದಲ ವರ್ಷ ಅವರ ಮಾತೇ ಸರಿಯಿತ್ತು. ಆಂಟೆನಾ ಇಟ್ಟದ್ದು ತೋಟದ ಬದಿ, ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನ ಕಬ್ಬಿಣದ ಪೈಪಿನ ಪಕ್ಕ. ಇವತ್ತು ಕಂಡ ಏರಿಳಿತ ನಾಳೆ ನಾಲ್ಕು ನಿಮಿಷ ಮೊದಲು ಹಾಗೇ ಬರುತ್ತಿತ್ತು. ಜಿಪಿಎಸ್ ಉಪಗ್ರಹವೂ ದಿನಾ ನಾಲ್ಕು ನಿಮಿಷ ಬೇಗ ಬರುತ್ತದಲ್ವಾ? ಪೂರ್ತಿ ಮಲ್ಟಿಪಾತ್, ಅಂದರೆ ಪೈಪಿನಂಥದ್ದಕ್ಕೆ ಬಡಿದು ಬಂದ ಸಂಕೇತ ನೇರ ಸಂಕೇತದ ಜೊತೆ ಬೆರೆಯುವುದು. ಮತ್ತೆ ಏಪ್ರಿಲ್ ಸಿಡಿಲಿಗೆ ಮಾಡ್ಯೂಲು, ರಾಸ್ಪ್‌ಬೆರಿ ಪೈ ಎರಡೂ ಹೋದವು. ಆರೇಳು ಸಾವಿರ ನೀರಿಗೆ ಬಿತ್ತು.

2023ರ ಮಾರ್ಚ್‌ನಲ್ಲಿ ಆಂಟೆನಾವನ್ನು ಗುಡ್ಡದ ಮುರಕಲ್ಲಿನ ಪಾದೆಗೆ ಒಯ್ದೆ. ಓಡಾಡುವ ಉಪಗ್ರಹಗಳನ್ನು ಬಿಟ್ಟು ಗಗನ್‌ನ (ಜಿಪಿಎಸ್‌ನ ತಪ್ಪು ತಿದ್ದುವ ಭಾರತದ ವ್ಯವಸ್ಥೆ) ಎರಡನ್ನೇ ಹಿಡಿದೆ: 55 ಡಿಗ್ರಿ ಪೂರ್ವದ ಜಿಸ್ಯಾಟ್-8, 83 ಡಿಗ್ರಿಯ ಜಿಸ್ಯಾಟ್-10. ಮಾಡ್ಯೂಲ್ ಕೊಡುವ ಉಪಗ್ರಹ ಪಟ್ಟಿಯಲ್ಲಿ (ಜಿಎಸ್‌ವಿ ಸಾಲು) ಇವುಗಳ ನಂಬರ್ 40 ಮತ್ತು 41. ನಮಗೆ ಒಂದು ಪಡುವಣಕ್ಕೆ, ಇನ್ನೊಂದು ಮೂಡಣಕ್ಕೆ. ಎರಡೂ ನಿಂತಲ್ಲೇ ನಿಂತಿರುತ್ತವೆ.

ಒಂದು ರಾತ್ರಿ ಒಂಬತ್ತೂಕಾಲಕ್ಕೆ 40ನೇ ನಂಬರಿನ ಸಂಕೇತದ ಬಲ 41, 36, 43, 30 ಎಂದು ಕುಣಿಯತೊಡಗಿತು. 41ನೇ ನಂಬರಿನದು ತಣ್ಣಗೆ ಕೂತಿತ್ತು. ಗಾಳಿಯ ಸುಳಿವೂ ಇರಲಿಲ್ಲ. ಟಾರ್ಚ್ ಹಿಡಿದು ಪಾದೆಯ ಮೇಲೇ ಕೂತೆ. ಸುಮಾರು ಮೂವತ್ತೈದು ನಿಮಿಷಕ್ಕೆ 41ರಲ್ಲೂ ಶುರುವಾಯಿತು! ಎರಡು ಸಂಕೇತಗಳೂ 350 ಕಿ.ಮೀ. ಎತ್ತರದಲ್ಲಿ ಅಯನೋಸ್ಫಿಯರ್ ದಾಟುವ ಜಾಗಗಳ ನಡುವೆ ಪೂರ್ವ-ಪಶ್ಚಿಮವಾಗಿ ಹತ್ತಿರಹತ್ತಿರ 200 ಕಿ.ಮೀ. ಅಂದರೆ ಸೆಕೆಂಡಿಗೆ 100 ಮೀಟರ್ ಆಸುಪಾಸು. ಸಂಕೇತವನ್ನು ಹೀಗೆ ಕುಣಿಸುವ ಪ್ಲಾಸ್ಮಾ ಗುಳ್ಳೆ (ಅಯನೋಸ್ಫಿಯರ್‌ನಲ್ಲಿ ಎಲೆಕ್ಟ್ರಾನ್ ಕಡಿಮೆಯಿರುವ ಟೊಳ್ಳು) ಮೂಡಣಕ್ಕೆ ತೇಲುವ ವೇಗವೇ ಅದು. ಸೋಗೆ ಹೀಗೆ ಅಲ್ಲಾಡುತ್ತದಾ ಎಂದು ಗೆಳೆಯರಿಗೆ ಗ್ರಾಫ್ ಕಳಿಸಿದೆ. ಆಮೇಲೆ ಮಾತಿಲ್ಲ.

ಒಂದು ಎಚ್ಚರ. ಏಳೂಮುಕ್ಕಾಲರಿಂದ ಒಂಬತ್ತರವರೆಗಿನದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಸೂರ್ಯ ಮುಳುಗಿದ ಮೇಲೆ ಅಯನೋಸ್ಫಿಯರ್‌ನ ಎಫ್ ಪದರ ಮೇಲೇರಿ ಗುಳ್ಳೆಗಳು ಆಗಷ್ಟೇ ಹುಟ್ಟುತ್ತಿರುತ್ತವೆ. ಮುಸ್ಸಂಜೆ ಮೊದಲು ಮುಟ್ಟುವುದು ಮೂಡಣವನ್ನು, ಹಾಗಾಗಿ ಕೆಲವು ದಿನ 41ರಲ್ಲೇ ಮೊದಲು ಕಾಣುತ್ತದೆ. ಇದು ಹೊಳೆಯದೆ ಮೂರು ವಾರ ಸುಮ್ನೆ ತಲೆ ಕೆಡಿಸಿಕೊಂಡೆ.

ನಡುವೆ ಒಬ್ಬರಿಂದ ನೇವಿಕ್ (ಭಾರತದ್ದೇ ಜಿಪಿಎಸ್‌ನಂಥ ವ್ಯವಸ್ಥೆ) ಮಾಡ್ಯೂಲ್ ಕೇಳಿ ತಂದು ಎರಡು ರಾತ್ರಿ ಅದರ ಎಲ್5 ಬ್ಯಾಂಡ್ ನೋಡಿದೆ. ಫ್ರೀಕ್ವೆನ್ಸಿ ಕಡಿಮೆ, ಕುಣಿತ ಜಾಸ್ತಿ. ಅಲ್ಲಿಯವರೆಗೆ ನೋಡುತ್ತಿದ್ದ ಎಲ್1 ಬ್ಯಾಂಡಿಗಿಂತ ಒಂದೂವರೆ ಪಟ್ಟು ಇರಬಹುದು.

ಅಗ್ಗದ ಮಾಡ್ಯೂಲ್ ಒಂದೊಂದೇ ಡಿಬಿ ಮೆಟ್ಟಿಲಲ್ಲಿ ಅಂಕಿ ಕೊಡುತ್ತದೆ. ಅದರಿಂದ ಎಸ್4 (ಕುಣಿತ ಎಷ್ಟು ಜೋರು ಎಂದು ಹೇಳುವ ಸೂಚ್ಯಂಕ) ಹೇಗೆ ತೆಗೆದೆ ಎಂಬುದನ್ನು ಈಗ ಹೇಳುವುದಿಲ್ಲ. ಈ ಸೆಪ್ಟೆಂಬರಿಗೆ ಕುಂಬಳೆಯ ಅಣ್ಣನ ಮನೆಯಲ್ಲಿ ಇನ್ನೊಂದು ಆಂಟೆನಾ ಏರಿಸುತ್ತಿದ್ದೇನೆ. ಪಡುವಣಕ್ಕೆ ಹದಿಮೂರು ಕಿ.ಮೀ. ಆದೀತು. ಎರಡು ನಿಮಿಷ ಚಿಲ್ಲರೆ ಅಂತರ ಸಿಗಬೇಕು.