ಸಿ ಪ್ರೋಗ್ರಾಮಿನಿಂದ ಅಡ್ರೆಸ್ ಬುಕ್ ತೆರೆಯುವುದು ಹೇಗೆ?

ವಿಂಡೋಸ್‌ನಲ್ಲಿ ಇಮೇಲ್ ಅಡ್ರೆಸ್ ಬುಕ್ ತೋರಿಸಲು ನೀವೇ ಒಂದು ವಿಂಡೋ ಬರೆಯಬೇಕಿಲ್ಲ. ಪ್ರೋಗ್ರಾಮುಗಳು ಮೇಲ್ ಕೆಲಸ ಮಾಡಿಸಿಕೊಳ್ಳಲು ವಿಂಡೋಸ್‌ನಲ್ಲಿರುವ ಫಂಕ್ಷನ್‌ಗಳ ಗುಂಪಾದ ಸಿಂಪಲ್ ಮ್ಯಾಪಿಯಲ್ಲಿ (MAPI) ಮ್ಯಾಪಿಅಡ್ರೆಸ್ ಎಂಬ ಫಂಕ್ಷನ್ ಇದೆ. ಅದನ್ನು ಕರೆಯುವುದು ಸುಲಭ. ಅದು ಕೊಟ್ಟ ಪಟ್ಟಿಯನ್ನು ಉಳಿಸಿಕೊಳ್ಳುವಲ್ಲೇ ಜನ ಎಡವುತ್ತಾರೆ.

1. ಮ್ಯಾಪಿ.ಎಚ್ ಹೆಡರ್ ಸೇರಿಸಿ. ಲೋಡ್‌ಲೈಬ್ರರಿಯಿಂದ ಮ್ಯಾಪಿ32.ಡಿಎಲ್‌ಎಲ್ ತೆರೆದು, ಗೆಟ್‌ಪ್ರೊಕ್‌ಅಡ್ರೆಸ್ ಮೂಲಕ ಮ್ಯಾಪಿಅಡ್ರೆಸ್ ಮತ್ತು ಮ್ಯಾಪಿ ಕೊಟ್ಟ ಮೆಮೊರಿಯನ್ನು ಬಿಡುಗಡೆ ಮಾಡುವ ಮ್ಯಾಪಿಫ್ರೀಬಫರ್ ಎರಡನ್ನೂ ಹಿಡಿದುಕೊಳ್ಳಿ. ಫಂಕ್ಷನ್ ಪಾಯಿಂಟರಿನ ಟೈಪ್ ಹೆಡರಿನಲ್ಲೇ ಇದೆ. ಎಲ್ಲೋ ಸಿಕ್ಕಿದ ತುಣುಕನ್ನು ಕಾಪಿ ಮಾಡಬೇಡಿ. ಅದರಲ್ಲಿ ವಿನ್‌ಎಪಿಐ (ಫಂಕ್ಷನ್ ಕರೆಯುವ ಕ್ರಮವನ್ನು ಹೇಳುವ ಪದ, WINAPI) ಬಿಟ್ಟುಹೋಗಿದ್ದರೆ 32 ಬಿಟ್ ಪ್ರೋಗ್ರಾಮಿನ ಸ್ಟ್ಯಾಕ್ ಕೆಡುತ್ತದೆ. ಔಟ್‌ಲುಕ್ 64 ಬಿಟ್ ಆಗಿದ್ದರೆ ನಿಮ್ಮ ಪ್ರೋಗ್ರಾಮೂ 64 ಬಿಟ್ ಇರಲಿ.

2. ಕರೆಯಿರಿ. ಒಟ್ಟು 11 ಆರ್ಗ್ಯುಮೆಂಟ್. ಸೆಷನ್ ಜಾಗದಲ್ಲಿ 0 ಕೊಟ್ಟರೆ ಆ ಕರೆಗೆ ಮಾತ್ರ ತಾತ್ಕಾಲಿಕ ಸೆಷನ್ ಸಿಗುತ್ತದೆ. ನಿಮ್ಮ ವಿಂಡೋದ ಹ್ಯಾಂಡಲ್ ಕೊಡುವುದನ್ನು ಮರೆಯಬೇಡಿ. ಎಡಿಟ್ ಫೀಲ್ಡ್‌ಗಳ ಸಂಖ್ಯೆ ಹೇಳುವ ಆರ್ಗ್ಯುಮೆಂಟ್ 1 ಎಂದರೆ 'ಟು' ಮಾತ್ರ, 3 ಎಂದರೆ 'ಸಿಸಿ', 'ಬಿಸಿಸಿ' ಕೂಡ.

3. ರಿಟರ್ನ್ ವ್ಯಾಲ್ಯೂ ನೋಡಿ. 0 ಬಂದರೆ ಸರಿ. 1 ಬಂದರೆ ಬಳಕೆದಾರರು ಕ್ಯಾನ್ಸಲ್ ಒತ್ತಿದ್ದಾರೆ, ಅಷ್ಟೇ. ಅದಕ್ಕೆ ಎರರ್ ಮೆಸೇಜ್ ತೋರಿಸಿ ಅವರನ್ನು ಗಾಬರಿಪಡಿಸಬೇಡಿ.

4. ಇಲ್ಲಿ ನಿಧಾನಿಸಿ. ಆರಿಸಿದ ಹೆಸರುಗಳು ಮ್ಯಾಪಿರೆಸಿಪ್‌ಡೆಸ್ಕ್ ಸ್ಟ್ರಕ್ಚರುಗಳ ಅರೇ ಆಗಿ ಬರುತ್ತವೆ. ಆ ಮೆಮೊರಿ ಮ್ಯಾಪಿಯದ್ದು. ಸುಮ್ನೆ ಈಕ್ವಲ್ ಹಾಕಿ ಸ್ಟ್ರಕ್ಚರನ್ನು ನಕಲು ಮಾಡಿದರೆ ಪಾಯಿಂಟರುಗಳಷ್ಟೇ ನಕಲಾಗುತ್ತವೆ, ಹೆಸರು ಮತ್ತು ವಿಳಾಸ ಹಳೆಯ ಜಾಗದಲ್ಲೇ ಇರುತ್ತವೆ. ಬಫರ್ ಬಿಡುಗಡೆಯಾದ ಮೇಲೂ ಕೆಲವು ಸಲ ಅವು ಸರಿಯಾಗಿಯೇ ಕಾಣುತ್ತವೆ. ಹಾಗಾಗಿಯೇ ಈ ತಪ್ಪು ಟೆಸ್ಟಿಂಗಿನಲ್ಲಿ ಸಿಕ್ಕಿಬೀಳುವುದಿಲ್ಲ.

ಒಂದೊಂದು ಸ್ಟ್ರಿಂಗನ್ನೂ ನಲ್ ಅಲ್ಲವೆಂದು ನೋಡಿಕೊಂಡು, ನಿಮ್ಮದೇ ಮೆಮೊರಿಗೆ ನಕಲು ಮಾಡಿ. ಸ್ಟ್ರಕ್ಚರಿನಲ್ಲಿರುವ ಎಂಟ್ರಿ ಐಡಿ (ಆ ಹೆಸರನ್ನು ಮ್ಯಾಪಿ ಗುರುತಿಸುವ ಗುರುತು) ಸ್ಟ್ರಿಂಗ್ ಅಲ್ಲ, ಬರೀ ಬೈಟುಗಳು. ಅದಕ್ಕೆ ಸ್ಟ್ರ್‌ಕಾಪಿ ಬಳಸಿದರೆ ಮೊದಲ ಸೊನ್ನೆ ಬೈಟಿಗೇ ನಿಂತುಬಿಡುತ್ತದೆ. ಸ್ಟ್ರಕ್ಚರಿನಲ್ಲಿ ಅದರ ಅಳತೆಯೂ ಇದೆ, ಅಷ್ಟು ಬೈಟನ್ನು ಮೆಮ್‌ಕಾಪಿ ಮಾಡಿ. ಎಲ್ಲ ಮುಗಿದ ಮೇಲೆ ಇಡೀ ಅರೇಗೆ ಒಂದೇ ಸಲ ಮ್ಯಾಪಿಫ್ರೀಬಫರ್ ಕರೆಯಿರಿ. ಸಿ ಭಾಷೆಯ ಫ್ರೀ ಇಲ್ಲಿ ಬೇಡವೇ ಬೇಡ.

5. ವಿಳಾಸದ ಮುಂದೆ 'ಎಸ್‌ಎಂಟಿಪಿ:' ಇದ್ದರೆ ತೆಗೆದು ಬಳಸಿ. ಎಕ್ಸ್‌ಚೇಂಜ್ ಸರ್ವರಿನಲ್ಲಿ 'ಇಎಕ್ಸ್:' ಎಂದು ಬರಬಹುದು. ಅದು ಇಂಟರ್ನೆಟ್ ವಿಳಾಸವಲ್ಲ. ಅದನ್ನು ನೇರವಾಗಿ ಬೇರೆ ಮೇಲ್ ಪ್ರೋಗ್ರಾಮಿಗೆ ಕೊಡಬೇಡಿ.